ಫೆಲೀಸಾ ದಾರಿ ತಪ್ಪಿದ್ದಲ್ಲ

"ಮಡಿಲಲ್ಲಿ ಕೂಸಿಟ್ಕೊಂಡು ಜೀಪು ಓಡಿಸಿದ್ರೆ ಕಣ್ಣು ದಾರಿ ಮೇಲಿರುತ್ತೋ, ಕೂಸಿನ ಮೇಲಿರುತ್ತೋ?"

ಈ ಮಾತನ್ನು ಮೊದಲು ಆಡಿದವರು ಯಾರೆಂದು ಫೆಲೀಸಾ ಬರ್ನಾಗೆ ಕೊನೆಗೂ ತಿಳಿಯಲಿಲ್ಲ. ಆ ಶುಕ್ರವಾರ ಅಡಿಯ ಸ್ಪ್ರಿಂಗ್ ಪಟ್ಟಿ ಮುರಿದ ಜೀಪನ್ನು ಕುಂಟಿಸಿಕೊಂಡು ಅವಳು ಕೋಲ್ಪಾನಿ ಊರು ಸೇರುವಷ್ಟರಲ್ಲಿ ಮಾತು ಅವಳಿಗಿಂತ ಮುಂಚೆ ಊರು ಸೇರಿಯಾಗಿತ್ತು. ಬ್ರೆಡ್ಡು ಸುಡುವವಳು ಅದನ್ನು ಅಂದಳು, ಟೈರು ತೇಪೆ ಹಾಕುವವನು ಅಂದ. ಕೊನೆಗೆ ಅವಳ ಸ್ವಂತ ಅತ್ತಿಗೆ, "ಹೋಗ್ಲಿ ಬಿಡೇ, ಬಾಣಂತಿತನದಲ್ಲಿ ಎಲ್ಲರಿಗೂ ಮಂಕು ಕವಿಯುತ್ತೆ" ಎಂದು ಸಮಾಧಾನ ಹೇಳಲಿಕ್ಕೆ ಬಂದಳು.

ಮಂಕು. ಹತ್ತು ವರ್ಷದಿಂದ ಆ ಕಲ್ಲುಬಯಲಿನಲ್ಲಿ ಜೀಪು ಓಡಿಸಿದವಳಿಗೆ ಮಂಕು.

ಅಪ್ಪ ಕಲಿಸಿದ ಕೆಲಸ ಅದು. ಅಪ್ಪನ ಕಣ್ಣು ಉಪ್ಪುಬಯಲಿನ ಬಿಸಿಲಿಗೆ ಹೋದ ಮೇಲೆ ಜೀಪು ಅವಳ ಕೈಗೆ ಬಂತು. ಮುಂಜಾನೆಯ ಚಳಿಯಲ್ಲಿ ಟೈರಿನ ಗಾಳಿ ಎಷ್ಟು ಬಿಡಬೇಕೆಂದು ಅವಳ ಹೆಬ್ಬೆರಳಿಗೇ ಗೊತ್ತು. ದೊಡ್ಡ ಕಲ್ಲು ಎದುರಾದರೆ ಅದನ್ನು ಜೀಪಿನ ಹೊಟ್ಟೆಯಡಿಗೆ ಬಿಟ್ಟುಕೊಳ್ಳದೆ ಚಕ್ರವನ್ನೇ ಅದರ ತಲೆಯ ಮೇಲೆ ಹತ್ತಿಸಬೇಕು, ಇಳಿಯುವಾಗ ಬ್ರೇಕು ಮರೆತು ಮೊದಲ ಗೇರನ್ನೇ ನೆಚ್ಚಬೇಕು, ಕೆಳಗೆ ಕಲ್ಲು ಹಲ್ಲು ಕಡಿದ ಸದ್ದಾದರೆ ನಿಲ್ಲಿಸಿ ಇಳಿದು ನೋಡಬೇಕು. ಇದನ್ನೆಲ್ಲ ಯಾರೂ ಅವಳಿಗೆ ಪುಕ್ಕಟೆ ಕೊಟ್ಟಿರಲಿಲ್ಲ. ಗಂಡ ರುಫೀನೊ ಚಿಲಿಯ ಗಣಿಯಲ್ಲಿದ್ದ, ಬಂದರೆ ಬಂದ ಇಲ್ಲದಿದ್ದರೆ ಇಲ್ಲ. ಆ ಜೀಪೇ ಮನೆಯ ಒಲೆ ಉರಿಸುತ್ತಿತ್ತು.

ಊರಿನ ಚಾಲಕರ ಸಂಘ ಬಯಲು ನೋಡಲು ಬರುವ ಅತಿಥಿಗಳನ್ನು ಸರದಿಯ ಪ್ರಕಾರ ಹಂಚುತ್ತದೆ. ಸರದಿ ಹೋದರೆ ಜೀಪು ಅಂಗಳದಲ್ಲಿ ನಿಂತು ಕೋಳಿಗೂಡಾಗುತ್ತದೆ. ಭಾನುವಾರದ ಸಭೆಯಲ್ಲಿ ಫೆಲೀಸಾಳ ಸರದಿ ಕಿತ್ತು ಅಧ್ಯಕ್ಷ ಸೆವೆರೊ ಎಸ್ಕಿವೆಲ್‌ನ ತಮ್ಮನಿಗೆ ಕೊಡುತ್ತಾರೆಂಬ ಸುದ್ದಿಯೂ ಆ ಮಾತಿನ ಬಾಲ ಹಿಡಿದುಕೊಂಡೇ ಬಂದಿತ್ತು.

ಆದದ್ದು ಇಷ್ಟು. ಮಿಲೆಂಕಾ ಹುಟ್ಟಿದ ಮೇಲೆ ಅದು ಫೆಲೀಸಾಳ ಮೊದಲ ಸರದಿ. ಕೂಸು ಅವಳ ಮಡಿಲಲ್ಲಿ ಇರಲೇ ಇಲ್ಲ. ಪಕ್ಕದ ಸೀಟಿನಲ್ಲಿ ಅತಿಥಿಗಳಿಗೆ ಅಡುಗೆ ಮಾಡುವ ಗುಮಿ ಅತ್ತೆಯ ಎದೆಗೆ, ಪಟ್ಟೆಪಟ್ಟೆ ಹೊದಿಕೆಯ ಜೋಳಿಗೆಯಲ್ಲಿ ಕಟ್ಟಿಸಿಕೊಂಡು ನಿದ್ದೆ ಮಾಡುತ್ತಿತ್ತು. ಹಿಂದೆ ನಾಲ್ವರು ಪರದೇಶದ ಅತಿಥಿಗಳು. ಮಧ್ಯಾಹ್ನದೊಳಗೆ ಅವರನ್ನು ಚಿಲಿ ಗಡಿಯ ಬಸ್ಸಿಗೆ ಮುಟ್ಟಿಸಬೇಕಿತ್ತು. ಆಗಸ್ಟಿನ ಚಳಿಗಾಲದ ಗಾಳಿ ರಾತ್ರಿಯೆಲ್ಲ ಬೀಸಿ ಹಳೆಯ ಚಕ್ರದ ಗುರುತುಗಳನ್ನು ಒರೆಸಿ ಹಾಕಿತ್ತು. ಧೂಳಿಗೆ ಬೆಟ್ಟಗಳು ಕಾಣುತ್ತಿರಲಿಲ್ಲ. ಅಂಥ ದಿನಗಳಿಗೆಂದೇ ಹಿರಿಯರು ದಾರಿಯುದ್ದಕ್ಕೂ ಕಲ್ಲಿನ ಗುಡ್ಡೆ ಪೇರಿಸಿಟ್ಟಿದ್ದರು. ಒಂದು ಗುಡ್ಡೆಯ ಹತ್ತಿರ ನಿಂತರೆ ಮುಂದಿನದು ಕಾಣಬೇಕು, ಅಷ್ಟೇ ಲೆಕ್ಕ.

ಕೆಂಪುಬಂಡೆಯ ಕವಲಿನಲ್ಲಿ ಫೆಲೀಸಾ ನಿಲ್ಲಿಸಿದಳು. ಬಲಕ್ಕೆ ಹೋಗಬೇಕೆಂದು ಮನಸ್ಸು ಹೇಳುತ್ತಿತ್ತು. ಆದರೆ ಗುಡ್ಡೆ ಎಡಕ್ಕಿತ್ತು, ಅದರಾಚೆ ಇನ್ನೊಂದು, ಮತ್ತೊಂದು.

"ಏನೇ, ಯಾಕೆ ನಿಂತೆ?" ಗುಮಿ ಅತ್ತೆ ಕೇಳಿದಳು.

"ಬಲಕ್ಕೆ ಅನ್ಸುತ್ತೆ ಅತ್ತೆ. ಗುಡ್ಡೆ ಎಡಕ್ಕಿದೆ."

"ಕಲ್ಲು ಸುಳ್ಳು ಹೇಳುತ್ತೇನೇ? ನಾವಿಬ್ರೂ ಮನೇಲಿ ಕೂತು ತಿಂಗಳುಗಳಾದ್ವು. ದಾರಿ ಬದಲಾಯಿಸಿರ್ತಾರೆ, ನಡಿ."

ಆ ಊರಿನಲ್ಲಿ ಹುಟ್ಟಿದ ಯಾರೇ ಆದರೂ ಹಾಗೇ ಹೇಳುತ್ತಿದ್ದರು. ನಡೆದರೇ ಏದುಸಿರು ಬರುವ ಆ ಎತ್ತರದಲ್ಲಿ ಆಟಕ್ಕೆಂದು ಕಲ್ಲೆತ್ತುವವರು ಯಾರು? ಫೆಲೀಸಾ ತನ್ನ ಮನಸ್ಸನ್ನು ಬಿಟ್ಟು ಕಲ್ಲನ್ನು ನಂಬಿದಳು, ಎಡಕ್ಕೆ ತಿರುಗಿಸಿದಳು.

ದಾರಿ ಒಂದು ಇಕ್ಕಟ್ಟಿನ ಕಣಿವೆಗೆ ಇಳಿಯಿತು. ತಲೆಯಷ್ಟು, ಕುರಿಯಷ್ಟು ದೊಡ್ಡ ಕಲ್ಲುಗಳು. ಜೀಪು ಒಮ್ಮೆ ಈ ಮಗ್ಗುಲಿಗೆ ಒಮ್ಮೆ ಆ ಮಗ್ಗುಲಿಗೆ ವಾಲುತ್ತ ತೆವಳಿತು. ತಿರುವು ದಾಟಿದ್ದೇ ತಡ, ಎದುರಿಗೆ ಬರೀ ಗುಡ್ಡೆಗಳು. ಬೆರಳಷ್ಟು ದಪ್ಪದವು, ಮೊಣಕಾಲೆತ್ತರದವು, ಚೂಪಾದವು, ಚಪ್ಪಟೆಯಾದವು, ಸಂತೆಯಲ್ಲಿ ಮಾರಲಿಟ್ಟ ಹಾಗೆ ನೆಲದ ತುಂಬ. ಅವುಗಳ ಹಿಂದೆ ಬಂಡೆಗೋಡೆ, ಅಲ್ಲಿಗೆ ದಾರಿ ಮುಗಿಯಿತು.

ಅತಿಥಿಗಳು ಖುಷಿಯಿಂದ ಇಳಿದರು. ಅವರಲ್ಲಿ ಒಬ್ಬಳು ತನ್ನ ಹರಕುಮುರುಕು ಸ್ಪ್ಯಾನಿಷ್‌ನಲ್ಲಿ, "ಇಲ್ಲಿ ಕಲ್ಲಿಟ್ಟು ಬೇಡ್ಕೋಬೇಕು, ಅಲ್ವಾ? ನನ್ನ ಗೆಳತಿ ಸೆವೆರೊ ಜೊತೆ ಬಂದಿದ್ಲು. ನಿಮ್ಮ ಪೂರ್ವಿಕರ ಪದ್ಧತಿಯಂತೆ. ಎಷ್ಟು ಚಂದ" ಎಂದು ಫೋನಿನಲ್ಲಿ ಚಿತ್ರ ತೋರಿಸಿದಳು. ಚಿತ್ರದಲ್ಲಿ ಸೆವೆರೊ ಊಟದ ಮೇಜು ಹಾಕಿ ಹಲ್ಲು ಕಿರಿಯುತ್ತ ನಿಂತಿದ್ದ.

ಫೆಲೀಸಾ ಜೀಪಿನ ಸುತ್ತ ನಡೆದು ನೋಡಿದಳು. ಆ ಇಕ್ಕಟ್ಟಿನಲ್ಲಿ ಜೀಪು ತಿರುಗಿಸಲು ಜಾಗವಿರಲಿಲ್ಲ. ಹಿಮ್ಮುಖವಾಗಿ ಹತ್ತಿಸುವಾಗ ಹಿಂದಿನ ಪಟ್ಟಿ ಟಣ್ಣೆಂದು ಮುರಿಯಿತು. ಗುಮಿ ಅತ್ತೆಯ ತರಕಾರಿ ಹೆಚ್ಚುವ ಹಲಗೆಯನ್ನು ಬೆಣೆ ಕೊಟ್ಟು, ಹಳೆಯ ಟೈರಿನ ರಬ್ಬರಿನಿಂದ ಬಿಗಿದು ಕಟ್ಟಿ ಹೊರಟರು. ಗಡಿ ಮುಟ್ಟುವಷ್ಟರಲ್ಲಿ ಬಸ್ಸು ಹೋಗಿಬಿಟ್ಟಿತ್ತು. ಅತಿಥಿಗಳು ಗಡಿಯ ರೇಡಿಯೋದಿಂದ ಸಂಘಕ್ಕೆ ದೂರು ಕೊಟ್ಟರು.

ಭಾನುವಾರ ಸಂಘದ ಅಂಗಳದಲ್ಲಿ ಗಂಡಸರು ಗೋಡೆಗೆ ಒರಗಿ, ದವಡೆಯಲ್ಲಿ ಕೋಕಾ ಎಲೆ ಇಟ್ಟುಕೊಂಡು ಕೂತಿದ್ದರು. ಫೆಲೀಸಾ ಬೇಕೆಂದೇ ಮಿಲೆಂಕಾಳನ್ನು ಎದೆಗೆ ಕಟ್ಟಿಕೊಂಡು ಹೋದಳು.

ಸೆವೆರೊ ದನಿಗೆ ಜೇನು ಸವರಿಕೊಂಡು ಶುರುಮಾಡಿದ. "ನೋಡಮ್ಮಾ ತಂಗಿ, ಯಾರಿಗೂ ನಿನ್ನ ಮೇಲೆ ಕೋಪ ಇಲ್ಲ. ಕೂಸು ದೊಡ್ಡದಾಗೋ ತನಕ ಮನೇಲಿರು. ಸರದಿ ನನ್ನ ತಮ್ಮ ನೋಡ್ಕೋತಾನೆ."

"ನಿಮ್ಮ ತಮ್ಮನಿಗೂ ಮೂರು ಮಕ್ಕಳಿದಾರಲ್ಲ ದೊನ್ ಸೆವೆರೊ. ಅವರು ದೊಡ್ಡವರಾದ್ರಾ?"

ಯಾರೋ ಕಿಸಕ್ಕೆಂದರು. ಸೆವೆರೊ ಕೆಮ್ಮಿದ. "ಅದು ಬೇರೆ ವಿಷಯ. ನೀನು ದಾರಿ ತಪ್ಪಿದ್ದು ಹೌದೋ ಅಲ್ವೋ?"

"ತಪ್ಪಿಲ್ಲ. ಕಲ್ಲು ತೋರಿಸಿದ ಕಡೆ ಹೋದೆ. ಆ ಕಲ್ಲು ಇಡಿಸಿದ್ದು ಯಾರು?"

ಗಂಡಸರು ಎಲೆ ಜಗಿದರು. ಜೀಪು ಓಡಿಸುವ ಎಲ್ಲರಿಗೂ ಗೊತ್ತಿತ್ತು. ಅವರಲ್ಲಿ ಅರ್ಧ ಜನ ಅಲ್ಲಿಯೇ ಊಟಕ್ಕೆ ನಿಲ್ಲಿಸುತ್ತಿದ್ದರು, ಅದಕ್ಕೇ ಯಾರೂ ಆ ಕವಲಿನಲ್ಲಿ ಮೋಸ ಹೋಗಿರಲಿಲ್ಲ. ಇವಳು ಹೆರಿಗೆಗೆಂದು ಮನೆಯಲ್ಲಿದ್ದ ತಿಂಗಳುಗಳಲ್ಲಿ ಆ ಸುಳ್ಳು ಗುಡ್ಡೆಗಳು ಎದ್ದಿದ್ದವು. ಅವಳು ಹೊರಡುವ ಮೊದಲು ಒಂದು ಮಾತು ಹೇಳುವ ಬಾಯಿ ಇವರ ಪೈಕಿ ಒಬ್ಬನಿಗೂ ಇರಲಿಲ್ಲ. ಈಗ ಮಂಕು ಎನ್ನಲು ಊರಿಗೆಲ್ಲ ಬಾಯಿತ್ತು.

"ಅತಿಥಿಗಳಿಗೆ ಇಷ್ಟ ಆಗುತ್ತಮ್ಮಾ," ಸೆವೆರೊ ಅಂದ. "ನಾಲ್ಕು ಕಲ್ಲಿಟ್ರೆ ಏನು ಹೋಯ್ತು? ಕಣ್ಣಿದ್ದೋರಿಗೆ ಗೊತ್ತಾಗುತ್ತೆ ಯಾವ್ದು ದಾರಿ ಕಲ್ಲು, ಯಾವ್ದು ಆಟದ ಕಲ್ಲು ಅಂತ."

"ಹಂಗಾದ್ರೆ ನನ್ನ ಹಲಗೆ ದುಡ್ಡು ಯಾರು ಕೊಡ್ತೀರಪ್ಪಾ?" ಬಾಗಿಲಲ್ಲಿ ನಿಂತಿದ್ದ ಗುಮಿ ಅತ್ತೆ ಕೇಳಿದಳು. "ಈಗ ಆಲೂಗಡ್ಡೆನ ನಿನ್ನ ಬೋಳು ತಲೆ ಮೇಲಿಟ್ಟು ಹೆಚ್ಚಲಾ?"

ನಗು ಮುಗಿಯುವ ಮೊದಲೇ ಫೆಲೀಸಾ ಎದ್ದಳು. "ನೀವೆಲ್ಲ ಕೆಂಪುಬಂಡೆಗೆ ಬನ್ನಿ. ನೋಡಿ ಆಮೇಲೆ ಸರದಿ ಮಾತಾಡೋಣ. ದೊನ್ ನಿಕಾನೋರ್, ನೀವೂ."

ನಿಕಾನೋರ್ ಊರಿನ ಅತಿ ಹಿರಿಯ ಚಾಲಕ, ಅವಳ ಅಪ್ಪನ ಜೊತೆಗಾರ. ಜೀಪು ಬಿಟ್ಟು ವರ್ಷಗಳಾಗಿದ್ದರೂ ಸಭೆಗಳಲ್ಲಿ ಅವನ ಮಾತಿಗೆ ತೂಕವಿತ್ತು. ಅವನು ಎದ್ದ ಮೇಲೆ ಬೇರೆಯವರಿಗೆ ಕೂತಿರಲು ಮುಖವಿಲ್ಲದಾಯಿತು. ಎರಡು ಜೀಪುಗಳಲ್ಲಿ ಹೊರಟರು. "ನಿಮಗೆ ಜಾಗ ಚೆನ್ನಾಗಿ ಗೊತ್ತಲ್ಲ, ಮುಂದೆ ನಡೀರಿ" ಎಂದು ಫೆಲೀಸಾ ಸೆವೆರೊನನ್ನು ಮುಂದೆ ಬಿಟ್ಟು, ಹೊಸ ಪಟ್ಟಿ ಹಾಕಿಸಿದ ತನ್ನ ಜೀಪನ್ನು ಹಿಂದೆ ತಂದಳು.

ಕೆಂಪುಬಂಡೆಯ ಕವಲಿನಲ್ಲಿ ನಿಕಾನೋರ್ ಇಳಿದ. ಮೊದಲ ಗುಡ್ಡೆಯ ಸುತ್ತ ನಡೆದ, ಮುಂದಿನದನ್ನು ನೋಡಿದ, ಬಲಕ್ಕೆ ನೋಡಿದ. ಬಲಗಡೆಯ ಹಳೆಯ ಗುಡ್ಡೆ ಮೋಟಾಗಿತ್ತು. ಅದರ ಕಲ್ಲುಗಳನ್ನೇ ಹೊತ್ತು ತಂದು ಎಡಗಡೆ ಆಟ ಕಟ್ಟಿದ್ದರು. ಮುದುಕ ಬಗ್ಗಿ ಆ ಮೋಟಿನ ಮೇಲೆ ಕೈಯಿಟ್ಟ.

"ನಾನಾಗಿದ್ರೂ ಎಡಕ್ಕೇ ಹೋಗ್ತಿದ್ದೆ," ಅಂದ.

ಅದಾದ ಮೇಲೆ ಕಣಿವೆಯೊಳಗೆ ಇಳಿದರು. ಸೆವೆರೊ ಗುಡ್ಡೆಗಳ ನಡುವೆ ಜೀಪು ನಿಲ್ಲಿಸಿದ. ಫೆಲೀಸಾ ಇಕ್ಕಟ್ಟಿನ ಬಾಯಿಯಲ್ಲೇ, ಹೊರಬರುವ ದಾರಿಗೆ ಅಡ್ಡವಾಗಿ ನಿಲ್ಲಿಸಿ ಎಂಜಿನ್ ಆರಿಸಿದಳು. ಗಂಡಸರು ಆ ಕಲ್ಲಿನ ಸಂತೆ ನೋಡಿ ಟೋಪಿ ಸರಿಮಾಡಿಕೊಂಡರು. ತಾವೇ ಊಟ ಹಾಕಿಸುತ್ತಿದ್ದ ಜಾಗ ಅದು, ಆದರೂ ಮುದುಕನ ಜೊತೆ ನಿಂತು ನೋಡಿದಾಗ ಅವರಿಗೆ ಬೇರೆಯಾಗಿ ಕಂಡಿರಬೇಕು.

ಸೆವೆರೊ ಗಾಳಿ ಯಾವ ಕಡೆಯದೆಂದು ಬೇಗ ತಿಳಿದುಕೊಳ್ಳುವವನು. "ಆಯ್ತಮ್ಮಾ. ಸಂಘ ನಿನ್ನನ್ನ ಕ್ಷಮಿಸಿದೆ. ಸರದಿ ನಿನಗೇ ಇರ್ಲಿ. ಹೊರಡೋಣ, ಗಾಳಿ ಏಳುತ್ತೆ."

ಫೆಲೀಸಾ ಜೀಪಿನ ಮೆಟ್ಟಿಲ ಮೇಲೆ ಕೂತು, ಹೊದಿಕೆ ಸಡಿಲಿಸಿ, ಕೂಸಿಗೆ ಹಾಲೂಡಿಸತೊಡಗಿದಳು.

"ಕ್ಷಮಿಸೋಕೆ ನಾನೇನು ಮಾಡಿದೆ?"

"ಅಯ್ಯೋ, ಮಾತಿಗೆ ಅಂದೆ ಕಣಮ್ಮಾ. ಜೀಪು ತೆಗಿ."

"ಕೂಸು ಹಾಲು ಕುಡೀತಿದೆ. ನೀವೇ ಹೇಳಿದ್ರಲ್ಲ, ಕೂಸು, ಜೀಪು ಎರಡೂ ಒಟ್ಟಿಗೆ ಆಗಲ್ಲ ಅಂತ."

ಗಾಳಿ ಏಳತೊಡಗಿತು. ಸಣ್ಣ ಗುಡ್ಡೆಗಳು ಒಂದೊಂದಾಗಿ ಉರುಳಿದವು. ಗಂಡಸರು ಕಾಲು ಬದಲಾಯಿಸಿದರು. ಗುಮಿ ಅತ್ತೆ ಥರ್ಮಾಸಿನಿಂದ ನಿಕಾನೋರ್‌ಗೆ ಚಹಾ ಬಗ್ಗಿಸಿದಳು. ಬೇರೆ ಯಾರಿಗೂ ಕೊಡಲಿಲ್ಲ.

"ಎಷ್ಟು ಹೊತ್ತು ಕುಡಿಯುತ್ತೇ ಅದು?" ಸೆವೆರೊ ಕೇಳಿದ.

"ಒಂದು ಮಗ್ಗುಲು ಆಯ್ತು. ಇನ್ನೊಂದಿದೆ. ತಪ್ಪು ಯಾರದು ಅಂತ ನೀವು ಹೇಳೋ ತನಕ ಇವಳಿಗೂ ಹಸಿವು ತೀರಲ್ಲ."

"ಹೇಳೋ ಮಾರಾಯ," ಹಿಂದಿನಿಂದ ಒಬ್ಬ ಗೊಣಗಿದ. "ಇಲ್ಲೇ ಹೆಪ್ಪುಗಟ್ಟಿ ಸಾಯೋಣ ಅಂತೀಯಾ?"

ಸೆವೆರೊ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಫೆಲೀಸಾಳ ತಪ್ಪಿಲ್ಲ," ಅಂದ, ಬಂಡೆಗೋಡೆಯ ಕಡೆ ತಿರುಗಿ.

"ಮತ್ತೆ ಯಾರದು?"

"ಕಲ್ಲು ಇಡಿಸಿದ್ದು ನಾನು."

ಅವಳು ಕೂಸಿನ ಬಾಯಿ ಒರೆಸಿ, ಬೆನ್ನು ತಟ್ಟಿ, ಗುಮಿ ಅತ್ತೆಯ ಕೈಗಿತ್ತಳು. ಜೀಪು ತೆಗೆಯಲು ಹೋಗದೆ ಮೊದಲು ಹತ್ತಿರದ ಗುಡ್ಡೆಯ ಮುಂದೆ ಮೊಣಕಾಲೂರಿದಳು. ಇಟ್ಟ ಕಲ್ಲನ್ನು ತೆಗೆಯಬಾರದೆಂಬ ಹೆದರಿಕೆ ಅವಳಿಗೂ ಇತ್ತು. ಅದಕ್ಕೇ ಎಸೆಯಲಿಲ್ಲ, ಭೂತಾಯಿಗೆ ಮೆಲ್ಲಗೆ ಒಂದು ಮಾತು ಹೇಳಿ ಒಂದೊಂದನ್ನೂ ನೆಲಕ್ಕೆ ಮಲಗಿಸಿದಳು. ದೊಡ್ಡವನ್ನು ಮಾತ್ರ ಎತ್ತಿ ಜೀಪಿಗೆ ಹಾಕಿದಳು, ಬಲಗಡೆಯ ಮೋಟು ಗುಡ್ಡೆಗೆ ಬೇಕಾಗಿತ್ತು. ಸ್ವಲ್ಪ ಹೊತ್ತಿಗೆ ಇಬ್ಬರು ಬಂದು ಕೈ ಹಾಕಿದರು. ಉಳಿದವರು ಜೀಪಿನ ಮರೆಗೆ ಹೋಗಿ ಕೈ ಉಜ್ಜಿಕೊಂಡರು.

ಮಂಗಳವಾರ ಅವಳು ತನ್ನ ಸರದಿಗೆ ಹೊರಟಳು. ಕೂಸು ಎಂದಿನಂತೆ ಗುಮಿ ಅತ್ತೆಯ ಜೋಳಿಗೆಯಲ್ಲಿ. ಟೈರಿನ ಗಾಳಿ ಬಿಡಲು ಬಗ್ಗಿದಾಗ, ಗೋಡೆಯಾಚೆ ಬ್ರೆಡ್ಡಿನವಳು ಯಾರಿಗೋ ಹೇಳುತ್ತಿದ್ದುದು ಕೇಳಿಸಿತು: ಕೆಂಪುಬಂಡೆಯಲ್ಲಿ ಯಾರೋ ಸುಳ್ಳು ಗುಡ್ಡೆ ಇಟ್ಟಿದ್ದರಂತೆ, ದೊನ್ ಸೆವೆರೊ ಕಂಡುಹಿಡಿದು, ನಿಂತು ತೆಗೆಸಿದರಂತೆ, ಅಂಥ ಅಧ್ಯಕ್ಷರು ಸಿಗಬೇಕಲ್ಲ.

ಫೆಲೀಸಾಳ ಹೆಬ್ಬೆರಳು ಗಾಳಿಯ ಬಾಯಿಯ ಮೇಲೆ ಒಂದು ಕ್ಷಣ ಹೆಚ್ಚು ಹೊತ್ತು ನಿಂತಿತು. ಟೈರು ಬೇಕಾದ್ದಕ್ಕಿಂತ ಮೆತ್ತಗಾಯಿತು. ಬೈದುಕೊಳ್ಳುತ್ತ ಪಂಪು ತಂದು ಮತ್ತೆ ಒತ್ತಿದಳು. ಅತಿಥಿಗಳು ಕಾಯುತ್ತಿದ್ದರು.