ದೈವದ ಮಂಚದಲ್ಲಿ ಚಹಾ

“ಬಾ ಮಾರಾಯ್ತಿ, ಇದರಲ್ಲೇ ಕೂತ್ಕೊ” ಎಂದು ಅಮ್ಮನ ಅಣ್ಣ, ನನ್ನ ಮಾವ, ಪಕ್ಕದ ಜಾಗವನ್ನು ತಟ್ಟಿ ತೋರಿಸಿದರು. ಪುತ್ತಿಗೆಯ ಅವರ ಹೊಸ ಮನೆಯ ಹಾಲ್‌ನಲ್ಲಿ ನೆಂಟರ ನಡುವೆ, ಚಹಾದ ಗ್ಲಾಸು ಹಿಡಿದು ಅವರು ಕೂತಿದ್ದದ್ದು ನಮ್ಮ ಕುಟುಂಬದ ಮೂಲಮನೆಯಾದ ತರವಾಡಿನ ದೈವದ ಮಂಚದಲ್ಲಿ! ದೈವಕ್ಕೆಂದೇ ಮೀಸಲಿಟ್ಟ, ಮನುಷ್ಯರಾದವರು ಯಾರೂ ಕೂರದ ಮಂಚ ಅದು. ಕಾಲುಗಳಲ್ಲಿ ಕೆತ್ತಿದ ಹುಲಿಮುಖಗಳು ಹಾಗೆಯೇ ಇದ್ದವು. ಹಳೆಯ ಕೆಂಪು, ಹಸಿರು ಬಣ್ಣವನ್ನೆಲ್ಲ ಉಜ್ಜಿ ತೆಗೆಸಿ ವಾರ್ನಿಷ್ ಹೊಡೆಸಿದ್ದರು.

ನಾನು ಕೂರಲಿಲ್ಲ.

“ಎಂತ ಹೆದರುವುದು? ದೈವಕ್ಕೆ ಹೊಸ ಗುಡಿಯಲ್ಲಿ ಪ್ರತಿಷ್ಠೆ ಆಯ್ತಲ್ಲ. ಇದು ಈಗ ಬರೀ ಮರ. ಆಂಟಿಕ್ ಪೀಸ್!” ಎಂದು ನಕ್ಕರು.

ಮೈಯೆಲ್ಲ ಉರಿಯಿತು. ಹುಡುಗಿಯಾಗಿದ್ದಾಗ, ಮುಟ್ಟಾದ ದಿನ ಮರೆತು ಈ ಮಂಚವಿದ್ದ ಕೋಣೆಯ ಹೊಸ್ತಿಲು ತುಳಿದದ್ದಕ್ಕೆ ನೆಂಟರೆದುರೇ ಬೈದು ನನ್ನನ್ನು ಅಂಗಳಕ್ಕೆ ಅಟ್ಟಿದವರು ಇದೇ ಮಾವ.

“ಇವತ್ತೂ ನಾನು ಮುಟ್ಟಾಗಿದ್ದೇನೆ ಮಾವ. ಕೂರಲಾ?” ಎಂದೆ, ಹಾಲ್‌ನಲ್ಲಿದ್ದವರಿಗೆಲ್ಲ ಕೇಳುವಂತೆ.

ಮಾವನ ನಗು ನಿಂತಿತು. ಜಾಗ ತಟ್ಟಿ ಕರೆದಿದ್ದ ಅದೇ ಕೈ ತಟ್ಟನೆ ಅಡ್ಡ ಬಂತು.

ಚಹಾ ಮುಟ್ಟದೆ ಹೊರಟು ಬಂದೆ. ಆ ಮನೆಗೆ ಮತ್ತೆ ಹೋಗಿಲ್ಲ. ಬರೀ ಮರವಾಗಿದ್ದರೆ ಆ ಕೈಯನ್ನು ಅಡ್ಡ ಹಿಡಿದದ್ದು ಯಾವ ದೈವಕ್ಕಾಗಿ?