ಕತ್ತರಿ ಮುಟ್ಟದ ಕೂದಲು

ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಎಪ್ಪತ್ತರ ದಶಕದ ಒಂದು ಬೇಸಿಗೆ, ನನಗಾಗ ಎಂಟೋ ಒಂಬತ್ತೋ. ಬಿಜಾಪುರದಿಂದ ಶಾಲೆಯ ರಜೆಗೆ ಬಿಜ್ಜರಗಿಯ ಕಾಕಾನ ಮನೆಗೆ ಹೋಗಿದ್ದೆ. ಕಾಕಾನ ಮಗ ಮೂರು ವರ್ಷದವನಿರಬೇಕು. ಅವನ ಕೂದಲು ಬೆನ್ನಿನವರೆಗೆ ಇಳಿದು ಜಡೆಗಟ್ಟಿತ್ತು. ಮನೆದೇವರ ಗುಡಿಯಲ್ಲಿ ಜಾವಳವೆಂದು ಮೊದಲ ಮುಡಿ ತೆಗೆಸುವವರೆಗೆ ಅದಕ್ಕೆ ಕತ್ತರಿ ಮುಟ್ಟಿಸುವಂತಿರಲಿಲ್ಲ. ಅಷ್ಟರಲ್ಲಿ ಅಜ್ಜ ತೀರಿಕೊಂಡಿದ್ದರು. ವರ್ಷ ತುಂಬುವ ತನಕ ಜಾವಳವೂ ಇಲ್ಲವೆಂದಾಗಿತ್ತು.

ಹುಡುಗ ದಿನವಿಡೀ ತಲೆ ಕೆರೆಯುತ್ತಿದ್ದ. ಕುರಿ ಕಟ್ಟುವ ಅಂಗಳದಲ್ಲಿ ನೊಣಗಳಿಗೇನು ಕಡಿಮೆ? ಆದರೆ ಅವು ಕುರಿಗಳನ್ನು ಬಿಟ್ಟು ಅವನ ಹಿಂದೆಯೇ ಹೋಗುತ್ತಿದ್ದವೆಂದು ನನ್ನ ನೆನಪು.

"ಯವ್ವಾ, ತಲ್ಯಾಗ ಯಾರೋ ನಡ್ಯಾಕತ್ತಾರ," ಎಂದ ಒಂದು ಬೆಳಿಗ್ಗೆ.

ಅಜ್ಜಿ ನಕ್ಕಳು. "ಸಾಲ ಹಿಡಿದು ಭಜನಿ ಮಾಡ್ಕೋತ ಹೇನಿನ ದಿಂಡಿ ಹೊಂಟೈತಿ ಲೇ. ಬಾ, ಎಣ್ಣಿ ಹಚ್ತೀನಿ."

ಎಣ್ಣೆಯ ಕೆಳಗಿನಿಂದಲೇ ಕೊಳೆತ ವಾಸನೆ ಬಂತು. ಅವನ ತಾಯಿ, ನನ್ನ ಚಿಗವ್ವ, ನೊಣ ಕೂರಬಾರದೆಂದು ಅಷ್ಟು ದೊಡ್ಡವನ ತಲೆಗೆ ಕೂಸಿನ ಕುಂಚಿಗೆ ಕಟ್ಟಿದಳು.

ಮರುದಿನವೋ ಮೂರನೆಯ ದಿನವೋ ನಾನು ಅದನ್ನು ಬಿಚ್ಚಿ ಅವನ ಕೂದಲಿಗೆ ಹಣಿಗೆ ಹಾಕಿದೆ. ಕಿವಿಯ ಹಿಂದೆ ಹಣಿಗೆ ಸಿಕ್ಕಿಕೊಂಡಾಗ ಅವನು ಕಿರುಚಲಿಲ್ಲ, ನಡುಗಿದ. ಜಡೆ ಎತ್ತಿದೆ. ಚರ್ಮದಲ್ಲಿ ತೂತು. ಒಳಗೆ ಹುಳುಗಳು ತಲೆಕೆಳಗಾಗಿ, ಒತ್ತೊತ್ತಾಗಿ ಮಿಸುಕುತ್ತಿದ್ದವು. ತಲೆಕೆಳಗಾಗಿ ಎಂಬುದು ಅಂದು ಕಂಡದ್ದೋ, ಮುಂದೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ ಸೇರಿಕೊಂಡದ್ದೋ, ಬೇರ್ಪಡಿಸಲಾರೆ.

"ಕುರಿಗಿ ಬಿದ್ದಂಗ ಹುಳಾ ಬಿದ್ದಾವಲ್ಲಬೇ!" ಎಂದು ಅಜ್ಜಿಗೆ ಹೇಳಿ ಕಾಕಾ ಮಗನನ್ನು ಹೆಗಲಿಗೆ ಹಾಕಿಕೊಂಡ. ಟಿಕೋಟಾ ತನಕ ಚಕ್ಕಡಿ, ಅಲ್ಲಿಂದ ಬಿಜಾಪುರಕ್ಕೆ ಬಸ್ಸು. ಚಿಗವ್ವನೂ ಹೊರಟಳು; ನಮ್ಮ ಮನೆಗೆ ಬಿಡಲೆಂದು ನನ್ನನ್ನೂ ಕರೆದುಕೊಂಡರು. ದಾರಿಯುದ್ದಕ್ಕೂ ಹುಡುಗ ಅಳಲೇ ಇಲ್ಲ. ಅದೇ ಎಲ್ಲರಿಗೂ ಹೆದರಿಕೆ.

ದವಾಖಾನೆಯಲ್ಲಿ ಡಾಕ್ಟರು ಕತ್ತರಿ ಎತ್ತಿದೊಡನೆ ಚಿಗವ್ವ ಎರಡೂ ಕೈಗಳಿಂದ ಮಗನ ತಲೆ ಮುಚ್ಚಿದಳು.

"ಬ್ಯಾಡ್ರಿ ಸಾಹೇಬ್ರ, ವರ್ಷಾ ತುಂಬಿಲ್ರಿ. ಮನ್ಯಾಗ ಇನ್ನೊಂದು ಸಾವಾದೀತು. ಕೂದಲಾ ಬಿಟ್ಟು ಹುಳಾ ಅಷ್ಟ ತಗೀರಿ."

"ಹುಳಾ ವರ್ಷಾ ಕಾಯೂದಿಲ್ಲ ತಂಗಿ. ಬುರುಡಿತನಕಾ ಹೋಗ್ಯಾವ."

ಅವಳು ಕೈ ತೆಗೆಯಲಿಲ್ಲ. ಕಾಕಾ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಆಮೇಲೆ ನೆಲಕ್ಕೆ ಬಿದ್ದ ಜಡೆ, ಟರ್ಪೆಂಟೈನಿನ ಘಾಟು, ಚಿಮಟ, ಬಟ್ಟಲಿಗೆ ಬೀಳುವ ಸಣ್ಣ ಸದ್ದು.

ಹುಡುಗ ಬದುಕಿದ. ಆ ವರ್ಷ ಮನೆಯಲ್ಲಿ ಬೇರೆ ಸಾವೂ ಆಗಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಚಿಗವ್ವನ ಜೊತೆ ಶೇಂಗಾ ಸುಲಿಯುತ್ತ ಕೂತಾಗ ಒಂದು ಮಾತು ಕೇಳಿದೆ. ಅವಳು ಸುಲಿಯುತ್ತಲೇ ಇದ್ದಳು.

"ಚಿಗವ್ವಾ, ಕಾಕಾ ನಿನ್ನ ಕೈ ಬಿಡಸ್ಲಿಲ್ಲಂದ್ರ, ಹಂಗ ಹಿಡಕೊಂಡ ಕುಂದರತಿದ್ದೇನ?"