ಕರ್ಚೀಫ್ ಹಾಕಿದ ಚಾಪೆಗಳು

'ಯೂಸರ್ ಫ್ರೆಂಡ್ಲಿ' ಅನ್ನುವ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಹೊಟ್ಟೆಪಾಡಿಗೆ ಅದೇ ಕೆಲಸ ಮಾಡುವವಳು ನಾನು. ನ್ಯೂಜೆರ್ಸಿಯ ಸಮರ್‌ಸೆಟ್‌ನ ಒಂದು ಆಫೀಸ್ ಪಾರ್ಕಿನಲ್ಲಿ ಕೂತು ಇನ್ಶೂರೆನ್ಸ್ ಕಂಪನಿಯ ಆಪ್ ಡಿಸೈನ್ ಮಾಡುತ್ತೇನೆ. ಯಾವ ಬಟನ್ ಎಲ್ಲಿರಬೇಕು, ಜನ ಎಲ್ಲಿ ಎಡವುತ್ತಾರೆ ಅಂತ ನೋಡುವುದೇ ನನ್ನ ಅನ್ನ. ಆಫೀಸಿನಲ್ಲಿ ಆ ಮಾತಿಗೆ ಅಷ್ಟೋ ಇಷ್ಟೋ ಅರ್ಥ ಇದೆ. ಅದರ ಮಾನ ಕಳೆದವರು ಇಲ್ಲಿರುವ ನಮ್ಮ ಕನ್ನಡದವರು, ಅದೂ ಒಂದು ಯೋಗ ಕ್ಲಾಸಿನ ಹೆಸರಿನಲ್ಲಿ.

ಕ್ಲಾಸ್ ಅಂದರೆ ಭಾರಿ ಜಿಮ್ ಏನಲ್ಲ. ಶನಿವಾರ ಬೆಳಿಗ್ಗೆ ಕಮ್ಯೂನಿಟಿ ಹಾಲ್‌ನಲ್ಲಿ ಮೈಸೂರಿನ ಟೀಚರ್ ಒಬ್ಬರು ಹೆಂಗಸರಿಗೆ ಹೇಳಿಕೊಡುತ್ತಿದ್ದರು. ಒಂದಿಷ್ಟು ಯೋಗ, ಒಂದಿಷ್ಟು ಸ್ಟ್ರೆಚಿಂಗ್, ನೆಲದ ಮೇಲೆ ಕೂರಲಾಗದವರಿಗೆ ಕುರ್ಚಿ. ಬರುವವರು ಬರುತ್ತಿದ್ದರು, ಬರದವರನ್ನು ಯಾರೂ ಕೇಳುತ್ತಿರಲಿಲ್ಲ. ಜಾಸ್ತಿ ಜನ ಆದರೆ ಚಾಪೆ ಒತ್ತರಿಸಿ ಹಾಸುವುದು, ಒಬ್ಬರ ಕಾಲು ಇನ್ನೊಬ್ಬರ ತಲೆಗೆ ತಾಗಿದರೆ ನಗುವುದು, ಕೊನೆಗೆ ಫ್ಲಾಸ್ಕಿನ ಕಾಫಿ. ಇಷ್ಟರಲ್ಲಿ ಎಲ್ಲರೂ ಸುಖವಾಗಿದ್ದೆವು.

ಆ ಗುಂಪಿನಲ್ಲಿ ಧಾರವಾಡದ ಆಂಟಿ ಒಬ್ಬರಿದ್ದರು. ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿ, ಮಗ ಇಲ್ಲೇ ಡಾಕ್ಟರ್ ಆದಮೇಲೆ ಗಂಡನ ಜೊತೆ ಬಂದು ನೆಲೆಸಿದವರು. ಎದೆಯಲ್ಲಿದ್ದ ಗಡ್ಡೆ ತೆಗೆದ ಆಪರೇಷನ್ ಆದ ಮೇಲೆ ಅವರ ಬಲಗೈ ಮೇಲೆ ಏಳುತ್ತಿರಲಿಲ್ಲ. ಇನ್ಶೂರೆನ್ಸ್‌ನವರು ಒಪ್ಪಿದಷ್ಟು ದಿನ ಫಿಸಿಯೋಥೆರಪಿ ನಡೆಯಿತು, ಆಮೇಲೆ ನಿಂತಿತು. ಅಭ್ಯಾಸ ಬಿಡಬೇಡಿ, ಬಿಟ್ಟರೆ ಕೀಲು ಹಿಡಿದುಕೊಂಡುಬಿಡುತ್ತದೆ ಅಂತ ಸರ್ಜನ್ ಹೇಳಿದ್ದರು. ಮನೆಯಲ್ಲಿ ಒಬ್ಬರೇ ಮಾಡಲು ಹೋದರೆ ನೋವಿಗೆ ಹೆದರಿ ಅರ್ಧಕ್ಕೇ ಕೈ ಇಳಿಸುತ್ತಿದ್ದರು. ಟೀಚರ್ ಮಾತ್ರ ಅವರ ಮೊಣಕೈ ಕೆಳಗೆ ತಮ್ಮ ಕೈ ಕೊಟ್ಟು, ಧಾರವಾಡದ ಪೇಡೆಯ ಸುದ್ದಿ, ಮೊಮ್ಮಗಳ ಸುದ್ದಿ ತೆಗೆದು, ಅವರಿಗೇ ಗೊತ್ತಾಗದ ಹಾಗೆ ಇನ್ನೊಂದು ಚೂರು ಮೇಲೆತ್ತಿಸುತ್ತಿದ್ದರು. ಆ ಬೇಸಿಗೆಯ ಹೊತ್ತಿಗೆ ಬೆರಳು ಕಿವಿ ಮುಟ್ಟುತ್ತಿತ್ತು. ಆಂಟಿಗೆ ಬೇಕಾಗಿದ್ದದ್ದು ತಮ್ಮ ಜಡೆ ತಾವೇ ಹೆಣೆದುಕೊಳ್ಳುವುದು, ಅಷ್ಟೇ. ಗಂಡ ಪಾಪ ಶ್ರದ್ಧೆಯಿಂದ ಹೆಣೆಯುತ್ತಿದ್ದರು, ಆದರೆ ಆ ಜಡೆ ಹೊತ್ತುಕೊಂಡು ಹೊರಗೆ ಬರಲು ನಾಚಿಕೆಯಾಗುತ್ತದೆ ಅನ್ನುತ್ತಿದ್ದರು ಆಂಟಿ.

ಜೂನ್ ತಿಂಗಳಲ್ಲಿ ಊರಿಂದ ಅಮ್ಮಂದಿರು, ಅತ್ತೆಯಂದಿರು ಬಂದಿಳಿದರು. ಒಂದು ಶನಿವಾರ ಹಾಲ್ ತುಂಬಿಹೋಯಿತು. ಇಷ್ಟೇ ಜನ ಇರಬೇಕು ಅಂತ ಗೋಡೆಯ ಮೇಲೆ ಬೋರ್ಡ್ ಇದೆ, ಮೀರುವ ಹಾಗಿಲ್ಲ. ಕೊನೆಗೆ ಬಂದ ಒಬ್ಬಾಕೆ ಬಾಗಿಲಿಂದಲೇ ವಾಪಸ್ ಹೋಗಬೇಕಾಯಿತು. ಅವಳ ಗಂಡ ಎಡಿಸನ್‌ನಿಂದ ಮ್ಯಾನ್‌ಹಟನ್‌ಗೆ ಟ್ರೇನಿನಲ್ಲಿ ಕಮ್ಯೂಟ್ ಮಾಡುವ ಪ್ರಾಡಕ್ಟ್ ಮ್ಯಾನೇಜರ್ ಮಹಾಶಯರು. ಹೆಂಡತಿಗೆ ಒಂದು ಬೆಳಿಗ್ಗೆ ಚಾಪೆ ಸಿಗಲಿಲ್ಲ ಅನ್ನುವುದಕ್ಕೆ ಅವರು 'ಪ್ರಾಬ್ಲಮ್ ಸ್ಟೇಟ್‌ಮೆಂಟ್' ಅಂತ ಹೆಸರಿಟ್ಟರು. ಮುಂದಿನ ವಾರ ನೋಡಿದರೆ ಕ್ಲಾಸಿನ ಜಾಗ ಬುಕ್ ಮಾಡಲು ಆಪ್ ಕಟ್ಟುವ ಕಮಿಟಿ ರೆಡಿ. ನಾನು ಡಿಸೈನರ್ ಅಂತ ಯಾರೋ ಊದಿದ್ದರಿಂದ ನನ್ನನ್ನೂ ಸೇರಿಸಿಕೊಂಡರು.

ಮೀಟಿಂಗು ಮಹಾಶಯರ ಬೇಸ್‌ಮೆಂಟಿನಲ್ಲಿ. ಹೋಮ್ ಥಿಯೇಟರಿನ ಸೋಫಾಗಳಲ್ಲಿ ಕಾಲು ಚಾಚಿಕೊಂಡು ಗಂಡಸರು ಕೂರುತ್ತಿದ್ದರು. ಆ ಆಪ್ ಬಳಸಬೇಕಾದ ಹೆಂಗಸರು ಮೇಲೆ ಅಡುಗೆಮನೆಯಲ್ಲಿ ಇವರಿಗೆ ಬಜ್ಜಿ ಕರಿಯುತ್ತಿದ್ದರು. 'ಯೂಸರ್‌ಗೆ ಏನು ಬೇಕು' ಅಂತ ಬೋರ್ಡಿನ ಮೇಲೆ ಬರೆದು, ಅದರ ಸುತ್ತ ವೃತ್ತ ಎಳೆದು, ಬಾಣ ಬಿಟ್ಟು ಗಂಟೆಗಟ್ಟಲೆ ಚರ್ಚೆ. ಮೆಟ್ಟಿಲು ಹತ್ತಿ ಹೋಗಿ ಕೇಳಿದ್ದರೆ ಬಜ್ಜಿ ಆರುವುದರೊಳಗೆ ಉತ್ತರ ಸಿಗುತ್ತಿತ್ತು. ನಾನು ಹಾಗಂದೆ ಕೂಡ. ಎಲ್ಲರೂ ಹಲ್ಲು ಕಿರಿದರು, ಯಾರೂ ಏಳಲಿಲ್ಲ.

ಲೋಗೋದಲ್ಲಿ ಕಮಲ ಅರಳಿರಬೇಕೋ ಮೊಗ್ಗಾಗಿರಬೇಕೋ ಅಂತ ಎರಡು ಮೀಟಿಂಗು ಹೋಯಿತು. ಯಾರು ಜಾಸ್ತಿ ಕ್ಲಾಸಿಗೆ ಬರುತ್ತಾರೋ ಅವರಿಗೆ ಸ್ಟಾರ್, ಅವರ ಹೆಸರು ಮೇಲೆ. ಹೆಂಗಸರ ಬೆನ್ನುನೋವಿನಲ್ಲೂ ಇವರಿಗೆ ರ‍್ಯಾಂಕ್ ಬೇಕು. ಇನ್ನೊಬ್ಬರು ಎಐ ಹಾಕಲೇಬೇಕು ಅಂತ ಹಟ ಹಿಡಿದರು. ಯಾವ ಕ್ಲಾಸ್ ನಿಮಗೆ ಸೂಕ್ತ ಅಂತ ಅದು ಹೇಳುತ್ತದಂತೆ. ಇರುವುದೇ ಒಂದು ಕ್ಲಾಸ್ ಕಣ್ರೀ! ಇಂಥ ತಲೆಗಳಿಗೆ ಇಲ್ಲಿನ ಕಂಪನಿಗಳು ಅಷ್ಟಷ್ಟು ಸಂಬಳ ಕೊಡುತ್ತವೆ ಅಂತ ನೆನೆಸಿಕೊಂಡರೆ ನನಗೆ ಅಮೆರಿಕದ ಮೇಲೇ ಅಯ್ಯೋ ಅನ್ನಿಸುತ್ತದೆ.

ನಾನು ಒಂದೇ ಒಂದು ಪುಟ ಬರೆದು ತೋರಿಸಿದೆ. ಈ ಶನಿವಾರದ ಕ್ಲಾಸ್ ಮಾತ್ರ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಎರಡು ಬಟನ್, 'ಬರ್ತೀನಿ', 'ಬರಲ್ಲ'. ಮನಸ್ಸು ಬದಲಾದರೆ ಇನ್ನೊಂದನ್ನು ಒತ್ತಿದರಾಯಿತು. ಮಹಾಶಯರು ಅದನ್ನು ಮದುವೆಗೆ ಹವಾಯಿ ಚಪ್ಪಲಿ ಹಾಕಿಕೊಂಡು ಬಂದವರನ್ನು ನೋಡುವ ಹಾಗೆ ನೋಡಿದರು. ತೀರಾ ಸಿಂಪಲ್ ಆಯಿತಂತೆ. 'ಬರಲ್ಲ' ಅನ್ನುವುದು ನೆಗೆಟಿವ್ ಅಂತೆ. ಕೊನೆಗೆ ಅವರು ಇಟ್ಟುಕೊಂಡದ್ದು ನಾನು ಆರಿಸಿದ ಬಣ್ಣ ಮಾತ್ರ. ಇಡೀ ಸೀಸನ್ನಿನ ಕ್ಲಾಸುಗಳು ಒಂದೇ ಸಲ ಬುಕಿಂಗಿಗೆ ತೆರೆದುಕೊಂಡವು. ಕ್ಯಾನ್ಸಲ್ ಮಾಡುವ ಜಾಗ ಪ್ರೊಫೈಲಿನ ಒಳಗೆ, ಸೆಟಿಂಗ್ಸಿನ ಒಳಗೆ ಎಲ್ಲೋ ಹೋಗಿ ಅಡಗಿತು. ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಒಳಗೆ ಬಿಡಬಾರದು, ಬಿಟ್ಟರೆ ಸಿಸ್ಟಮ್ ಕೆಡುತ್ತದೆ ಅಂತ ಟೀಚರ್‌ಗೆ ತಾಕೀತಾಯಿತು. ನಾನು ಕಮಿಟಿಯಿಂದ ಎದ್ದು ಬಂದೆ.

ನಮ್ಮ ಜನ ಬಸ್‌ ಸ್ಟ್ಯಾಂಡಿನಲ್ಲಿ ಬೆಳೆದವರು. ಬಸ್ಸು ಇನ್ನೂ ನಿಂತಿರುವುದಿಲ್ಲ, ಅಷ್ಟರಲ್ಲಿ ಕಿಟಕಿಯಿಂದ ಕರ್ಚೀಫ್, ಟವಲ್ಲು, ಟಿಫನ್ ಕ್ಯಾರಿಯರ್, ಕೈಗೆ ಸಿಕ್ಕಿದ್ದು ಎಸೆದು ಸೀಟು ಹಿಡಿಯುತ್ತೇವೆ. ನಮಗೊಂದು, ಪಕ್ಕದ ಮನೆಯವರಿಗೊಂದು, ಬಂದರೂ ಬರಬಹುದಾದ ಚಿಕ್ಕಮ್ಮನಿಗೊಂದು. ಬುಕಿಂಗ್ ತೆರೆದ ಭಾನುವಾರ ನಡೆದದ್ದೂ ಅದೇ. ಗಂಡಂದಿರು ಅಲಾರಾಂ ಇಟ್ಟುಕೊಂಡು ಎದ್ದು ಹೆಂಡತಿಗೆ, ನಾದಿನಿಗೆ, ಮುಂದಿನ ವರ್ಷ ವೀಸಾ ಸಿಕ್ಕರೆ ಬರಲಿರುವ ಅತ್ತೆಗೆ ಸಹ ಎಲ್ಲಾ ಶನಿವಾರಗಳನ್ನೂ ಒತ್ತಿ ಹಾಕಿದರು. ಯಾಕೆ ಅಂದರೆ, 'ಇರಲಿ' ಅಂತ. ಈ 'ಇರಲಿ' ಅನ್ನುವ ಮಾತಿಗಿಂತ ದೊಡ್ಡ ಧರ್ಮ ನಮ್ಮವರಿಗೆ ಇನ್ನೊಂದಿಲ್ಲ. ಕಾಫಿ ಕುಡಿದು ಮುಗಿಸುವುದರೊಳಗೆ ಸೀಸನ್ ಫುಲ್. ಆ ಕೆಂಪು 'ಫುಲ್' ಪಟ್ಟಿಯ ಫೋಟೋವನ್ನು ಮಹಾಶಯರು ವಾಟ್ಸಾಪ್ ಗ್ರೂಪಿಗೆ ಹಾಕಿದರು. ಉಳಿದವರು ಚಪ್ಪಾಳೆ, ಕೈಮುಗಿಯುವ ಚಿತ್ರ, ಕೇಕು, ಎಲ್ಲಾ ಹಾಕಿದರು.

ಶನಿವಾರ ಹಾಲ್‌ಗೆ ಹೋದರೆ ಅರ್ಧಕ್ಕಿಂತ ಹೆಚ್ಚು ಚಾಪೆ ಖಾಲಿ. ಒಬ್ಬಳಿಗೆ ಮಗಳ ಭರತನಾಟ್ಯ, ಇನ್ನೊಬ್ಬಳಿಗೆ ಕಾಸ್ಟ್ಕೋ ಶಾಪಿಂಗ್, ಮತ್ತೊಬ್ಬಳಿಗೆ ನಿದ್ದೆ. ಕ್ಯಾನ್ಸಲ್ ಮಾಡಿದವರು ಒಬ್ಬರೂ ಇಲ್ಲ. ಮರುವಾರವೂ ಹಾಗೇ, ಅದರ ಮುಂದೆಯೂ ಹಾಗೇ. ಟೀಚರ್ ಕೈಯಲ್ಲಿ ಪಟ್ಟಿ ಹಿಡಿದುಕೊಂಡು, ಬಾರದವರ ಹೆಸರನ್ನು ಮೇಲಿಂದ ಕೆಳಗೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಧಾರವಾಡದ ಆಂಟಿಯ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಮೊಮ್ಮಗಳನ್ನು ನೋಡಲು ಕ್ಯಾಲಿಫೋರ್ನಿಯಾದ ಮಗಳ ಮನೆಗೆ ಹೋಗಿರಬೇಕು ಅಂತ ಯಾರೋ ಅಂದರು. ಹೌದೇನೋ ಅಂದುಕೊಂಡೆವು.

ಚಳಿ ಶುರುವಾದ ಮೇಲೆ ಒಂದು ಸಂಜೆ ಎಡಿಸನ್‌ನ ಇಂಡಿಯನ್ ಅಂಗಡಿಯಲ್ಲಿ ಅವರ ಗಂಡ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಾ ನಿಂತಿದ್ದರು. ಆಂಟಿ ಯಾವಾಗ ಬಂದರು ಅಂತ ಕೇಳಿದೆ. ಅವರು ಎಲ್ಲಿಗೂ ಹೋಗಿಲ್ಲವಂತೆ. ಕ್ಲಾಸಿನಲ್ಲಿ ಜಾಗ ಇಲ್ಲವಲ್ಲ, ಅದಕ್ಕೆ ಮನೆಯಲ್ಲೇ ಇದ್ದಾಳೆ, ವೇಟಿಂಗ್ ಲಿಸ್ಟಿನಲ್ಲಿ ಹೆಸರಿದೆ, ಶುಕ್ರವಾರ ಬಂದರೆ ಫೋನ್ ಕೆಳಗಿಡುವುದಿಲ್ಲ ಅಂದರು. ಸಾಮಾನು ಅಲ್ಲೇ ಬಿಟ್ಟು ಅವರ ಕಾರಿನ ಹಿಂದೆಯೇ ಅವರ ಮನೆಗೆ ಡ್ರೈವ್ ಮಾಡಿಕೊಂಡು ಹೋದೆ.

ಆಂಟಿ ನನ್ನನ್ನು ನೋಡಿ ಖುಷಿಪಟ್ಟರು, ಎಡಗೈಯಲ್ಲಿ ಚಹಾ ಕೊಟ್ಟು ತಪ್ಪು ತಿಳಿಯಬೇಡ ಅಂದರು. ಸುಮ್ಮನೆ ಬಂದುಬಿಡಬಾರದಿತ್ತೇ ಅಂತ ನಾನು ರೇಗಿಯೇ ಕೇಳಿದೆ.

"ಹೆಂಗ ಬರ್ಲಿ? ಜಾಗಾ ಇಲ್ಲಂತ ಫೋನ್ನ್ಯಾಗ ತೋರಿಸ್ತದ. ಆಮ್ಯಾಲೂ ಬಂದು ನಿಂತ್ರ ಯಾರರೆ ಒಬ್ಬರು ಎದ್ದು ಜಾಗಾ ಬಿಡಬೇಕಾಗ್ತದ. ಅವರಿಗೂ ಏನರೆ ಬ್ಯಾನಿ ಇರ್ತದವಾ, ಇಲ್ಲಂದ್ರ ಯಾಕ ಬುಕ್ ಮಾಡ್ತಾರ?"

ಚಾಪೆಗಳು ಖಾಲಿ ಬಿದ್ದಿವೆ ಅಂತ ಅವರಿಗೆ ಹೇಳದೆ ಚಹಾ ಮುಗಿಸಿದೆ. ಹೊರಗೆ ಬಂದು ಕಾರಿನಲ್ಲಿ ಕೂತು ಮಹಾಶಯರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು, ಅದನ್ನು ಇಲ್ಲ ಅನ್ನುವುದಿಲ್ಲ. ಆಮೇಲೆ, ಆಂಟಿ ಹೆಲ್ಪ್ ಪೇಜ್ ಓದಬೇಕಿತ್ತು ಅಂದರು. ಬುಕಿಂಗ್ ಎಲ್ಲಾ ಫುಲ್ ಇದೆ, ಡೇಟಾ ಚೆನ್ನಾಗಿದೆ ಅಂದರು. "ದಿಸ್ ಈಸ್ ಆನ್ ಎಡ್ಜ್ ಕೇಸ್, ವರ್ಷನ್ ಟೂನಲ್ಲಿ ನೋಡೋಣ ಬಿಡಿ" ಅಂದರು. ಒಬ್ಬ ಹೆಂಗಸಿನ ಕೈ ಇವರಿಗೆ ಎಡ್ಜ್ ಕೇಸು, ಎಲ್ಲೋ ಅಪರೂಪಕ್ಕೆ ಬರುವ ತೊಡಕು. ನಾನು ಬಾಯಿಗೆ ಬಂದದ್ದು ಬೈದೆ. ನಮ್ಮ ಮೈಸೂರಿನ ಕಡೆಯವರು ಮೆತ್ತಗೆ ಮಾತಾಡುತ್ತಾರೆ ಅನ್ನುವ ಹೆಸರನ್ನು ಆವತ್ತು ನಾನು ಪೂರ್ತಿ ಕೆಡಿಸಿದೆ. ಅದಕ್ಕೆ ನನಗೆ ಕಿಂಚಿತ್ತೂ ಬೇಸರವಿಲ್ಲ.

ಆ ಶನಿವಾರ ಆಂಟಿಯನ್ನು ನಾನೇ ಕರೆದುಕೊಂಡು ಹೋದೆ. ಟೀಚರ್ ಬಾಗಿಲಿಗೇ ಬಂದು ಅವರನ್ನು ಅಪ್ಪಿಕೊಂಡರು. ಕೈಯಲ್ಲಿದ್ದ ಪಟ್ಟಿಯನ್ನು ಮಡಚಿ ಬ್ಯಾಗಿನೊಳಗೆ ತುರುಕಿದರು. ಆಂಟಿ ಹೊಸ್ತಿಲ ಮೇಲೆ ನಿಂತು ಹಾಲ್ ಒಳಗೆ ಒಮ್ಮೆ ನೋಡಿದರು. ಸಾಲು ಸಾಲಾಗಿ ಹಾಸಿದ ಚಾಪೆ, ಅಲ್ಲೊಬ್ಬರು ಇಲ್ಲೊಬ್ಬರು. ಈಗ ಸಿಟ್ಟಾಗುತ್ತಾರೆ, ಆಗಲಿ, ನಾಲ್ಕು ಮಾತು ಅಂದುಬಿಡಲಿ ಅಂತ ನಾನು ಕಾದೆ.

ಅವರು ನನ್ನ ತೋಳು ಹಿಡಿದು, ಗಾಬರಿಯಿಂದ, ಮೆಲ್ಲಗೆ ಕೇಳಿದರು: "ಇಷ್ಟು ಮಂದಿ ಬಂದೇ ಇಲ್ಲಲ್ಲವಾ. ಎಲ್ಲಾರಿಗೂ ಆರಾಮ ಇಲ್ಲೇನು?"

ಮುಂದಿನ ಸಾಲಿನಲ್ಲಿದ್ದ ಮಹಾಶಯರ ಹೆಂಡತಿ ತಲೆ ತಗ್ಗಿಸಿ ಕಾಲುಚೀಲ ಸರಿಮಾಡಿಕೊಳ್ಳತೊಡಗಿದಳು. ಟೀಚರ್ ಆಂಟಿಯನ್ನು ಕುರ್ಚಿಯಲ್ಲಿ ಕೂರಿಸಿ, ಮೊಣಕೈ ಕೆಳಗೆ ಕೈಯಿಟ್ಟು, ಮೊಮ್ಮಗಳ ಸುದ್ದಿ ತೆಗೆದು ನಿಧಾನವಾಗಿ ಎತ್ತಿದರು. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಟೀಚರ್ ಮಾತಾಡುತ್ತಲೇ ಇದ್ದರು, ಆಂಟಿ ತುಟಿ ಕಚ್ಚಿಕೊಂಡು ಹೂಂಗುಡುತ್ತಲೇ ಇದ್ದರು, ಕೈ ಮಾತ್ರ ಅಲ್ಲಿಂದ ಮೇಲೆ ಹೋಗಲಿಲ್ಲ.